ಡಿಗಾಕ್ಸಿನ್ ಮಾತ್ರೆ: ಬೇಸಿಗೆಯಲ್ಲಿ ಹೆಚ್ಚು ಎಚ್ಚರ

ಮನೆಯಲ್ಲಿ ಯಾರಾದರೂ ಹೃದಯಕ್ಕೆಂದು ಡಿಗಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬೇಸಿಗೆಯಲ್ಲಿ ಅವರ ಕಡೆ ಹೆಚ್ಚು ಗಮನವಿರಲಿ. ಹೃದಯ ವೈಫಲ್ಯಕ್ಕೆ, ಬಡಿತದ ಏರುಪೇರಿಗೆ ಇದು ಹಳೆಯ, ಉಪಯುಕ್ತ ಔಷಧಿ. ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ.

ಈ ಔಷಧಿ ಹೆಚ್ಚಾಗಿ ಹೊರಹೋಗುವುದು ಮೂತ್ರಪಿಂಡದ ಮೂಲಕ. ಯಾದಗಿರಿ, ಶಹಾಪುರ, ಸುರಪುರದ ಬಿಸಿಲು 40 ಡಿಗ್ರಿ ದಾಟಿದಾಗ ಬೆವರಿನಿಂದಲೋ ವಾಂತಿ-ಭೇದಿಯಿಂದಲೋ ಮೈಯ ನೀರು ಬತ್ತಿದರೆ ಮೂತ್ರಪಿಂಡದ ಕೆಲಸ ಕುಂದಿ ಔಷಧಿ ರಕ್ತದಲ್ಲೇ ಉಳಿಯುತ್ತದೆ. ವಯಸ್ಸಾದವರಿಗೆ, ಸಣಕಲು ಮೈಯವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಜೊತೆಗೆ ಕೊಡುವ ಲ್ಯಾಸಿಕ್ಸ್‌ನಂಥ ನೀರಿನ ಮಾತ್ರೆ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿಸುತ್ತದೆ. ಆಗ ಎಂದಿನ ಡೋಸೂ ಅಪಾಯ ತರಬಹುದು. ಅಮಿಯೊಡರೋನ್, ವೆರಪಾಮಿಲ್, ಕ್ಲಾರಿಥ್ರೋಮೈಸಿನ್ ರಕ್ತದಲ್ಲಿ ಡಿಗಾಕ್ಸಿನ್ ಮಟ್ಟ ಏರಿಸುತ್ತವೆ. ಆದ್ದರಿಂದ ಜ್ವರ-ಕೆಮ್ಮಿಗೆ ವೈದ್ಯರ ಬಳಿ ಹೋದರೂ ಹಳೆಯ ಚೀಟಿ ತೋರಿಸಿ. ಕಣಗಿಲೆ ಗಿಡದಲ್ಲೂ ಡಿಗಾಕ್ಸಿನ್ ಬಗೆಯದೇ ವಿಷವಿದೆ. ಅದರ ನಾಟಿ ಮದ್ದು ಖಂಡಿತ ಬೇಡ.

ಊಟ ಸೇರದಿರುವುದು, ಓಕರಿಕೆ, ವಾಂತಿ, ಕಣ್ಣಿಗೆ ಹಳದಿ-ಹಸಿರು ಕಾಣುವುದು, ಗೊಂದಲ, ನಾಡಿ ನಿಧಾನವಾಗುವುದು ಅಥವಾ ತಪ್ಪುವುದು ಡಿಗಾಕ್ಸಿನ್ ವಿಷವಾಗುತ್ತಿರುವ ಸೂಚನೆಗಳು. ಇವು ಕಂಡರೆ ಮುಂದಿನ ಮಾತ್ರೆ ಕೊಡುವ ಮುನ್ನ ವೈದ್ಯರನ್ನು ಕೇಳಿ. ತಲೆಸುತ್ತಿ ಬಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ.

ಏನೂ ತೊಂದರೆ ಇಲ್ಲದಾಗ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಒಂದು ಡೋಸ್ ಮರೆತರೆ ಮರುದಿನ ಎರಡು ನುಂಗಬೇಡಿ. ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಯಾವಾಗ ಮಾಡಿಸಬೇಕು, ದಿನಕ್ಕೆ ಎಷ್ಟು ನೀರು ಕುಡಿಯಬೇಕು ಎಂಬುದನ್ನು ಬಿಸಿಲು ಏರುವ ಮೊದಲೇ ವೈದ್ಯರಿಂದ ತಿಳಿದುಕೊಳ್ಳಿ.