ಎಳ್ಳ ಅಮಾಸಿ ಊಟ: ತಟ್ಟೆಯೊಳಗ ಹೊಲದ ಲೆಕ್ಕ

ನಮ್ಮ ಭಾಗ ಅಂದ್ರ ಹೊರಗಿನವರಿಗೆ ನೆನಪಾಗೋದು ವಾಡಿ, ಸೇಡಂನ ಸಿಮೆಂಟು, ಶಹಾಬಾದಿನ ಹಾಸುಗಲ್ಲು. ಅದೇ ಸುಣ್ಣದ ಕಲ್ಲಿನ ಮೇಲಿರೋ ಎರಿ ಮಣ್ಣಿನ ಕಥಿ ತಿಳಿಬೇಕಂದ್ರ ಡಿಸೆಂಬರ್-ಜನವರಿಯಲ್ಲಿ ಬರುವ ಎಳ್ಳ ಅಮಾವಾಸ್ಯೆಯ ಬುತ್ತಿ ಬಿಚ್ಚಿ ನೋಡ್ರಿ.

ಅಂದು ಚಿತ್ತಾಪುರದಿಂದ ಚಿಂಚೋಳಿವರೆಗೆ ಊರೇ ಹೊಲಕ್ಕ ಹೋಗ್ತದ. ಭೂಮಿತಾಯಿಗೆ ಪೂಜೆ ಮಾಡಿ, ಹೊಲದ ತುಂಬ ಚರಗ ಚೆಲ್ಲಿ, ಆಮೇಲೆ ಎಲ್ಲರೂ ಕೂಡಿ ಊಟ. ಸಜ್ಜಿ ರೊಟ್ಟಿ, ಜೋಳದ ಕಡುಬು, ಶೇಂಗಾ ಹೋಳಿಗೆ, ಅಂಬಲಿ, ಎಲ್ಲಕ್ಕಿಂತ ಮುಖ್ಯವಾಗಿ ಭಜ್ಜಿ. ಬೇರೆ ಜಿಲ್ಲೆಯ ಗೆಳೆಯರೇ, ಇದು ಎಣ್ಣೆಯಲ್ಲಿ ಕರಿದ ಬಜ್ಜಿ ಅಲ್ಲ. ಹಸಿ ತೊಗರಿಕಾಳು, ಕಡಲಿ, ಅವರಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ, ಬದನಿಕಾಯಿ ಹೀಗೆ ಆ ವಾರ ಹೊಲದಾಗ ಸಿಕ್ಕಿದ್ದನ್ನೆಲ್ಲ ಕುದಿಸಿ, ಹುಣಸಿ ಹುಳಿ, ಕಡಲಿ ಹಿಟ್ಟು ಹಾಕಿ ಮಾಡೋ ಪಲ್ಯ.

ಇದರೊಳಗ ಎಂಜಿನಿಯರಿಂಗೂ ಅದ. ಎರಿ ಮಣ್ಣಿನ ಜೇಡಿ ನೀರು ಹೀರಿ ಉಬ್ಬಿ, ತೇವ ಹಿಡಿದಿಡ್ತದ. ಅದಕ್ಕೇ ಮಳೆ ಮುಗಿದ ಮೇಲೂ ಹಿಂಗಾರಿ ಜೋಳ ಬೆಳೀತದ. ತೊಗರಿ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ ಹಿಡಿದು ಗಿಡಕ್ಕ ಕೊಡ್ತಾವ. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಮ್ಮಿ, ತೊಗರಿಯಲ್ಲಿ ಹೆಚ್ಚು. ಬೇಳೆಕಾಳಿನಲ್ಲಿ ಕಮ್ಮಿ ಇರೋ ಮೆಥಿಯೋನಿನ್ ಎಳ್ಳಿನಲ್ಲದ. ಅಂದ್ರ ಎಳ್ಳು ಹಚ್ಚಿದ ರೊಟ್ಟಿ ಮತ್ತು ಭಜ್ಜಿ ಒಂದರ ಕೊರತೆ ಇನ್ನೊಂದು ತುಂಬ್ತಾವ. ಜೋಳದಲ್ಲಿ ಗ್ಲೂಟನ್ ಇಲ್ಲ. ಕುದಿಯೋ ನೀರು ಹಾಕಿದಾಗ ಪಿಷ್ಟ ಅಂಟಾಗಿ ಹಿಟ್ಟು ಹಿಡಿದುಕೊಳ್ತದ. ಸಜ್ಜಿಯೊಳಗ ಕೊಬ್ಬಿನಂಶ ಇರೋದರಿಂದ ಹಿಟ್ಟು ಬಹಳ ದಿನ ಇಟ್ಟರೆ ಕಹಿಯಾಗ್ತದ. ಆಗಿಂದಾಗ ಬೀಸಿಸೋ ರೂಢಿಗೆ ಕಾರಣ ಇದೇ.

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಹೆಮ್ಮೆಯ ಮಾತೇ. ಆದರೆ ಭಜ್ಜಿ ಒಂದೇ ಬೆಳೆಯಿಂದ ಆಗೋದಲ್ಲ. ಅಕ್ಕಡಿ ಸಾಲು ಹೋಗಿ ಹೊಲದ ತುಂಬ ಒಂದೇ ಬೆಳೆ ನಿಂತರೆ, ಉಳಿದದ್ದನ್ನೆಲ್ಲ ಸಂತಿಯಿಂದ ತರಬೇಕಾಗ್ತದ. ಆ ಬೆಳೆಗೆ ರೋಗ ಬಿದ್ದ ವರ್ಷ ಮನಿಗೆ ಬೇರೆ ಆಸರವೂ ಇರಲ್ಲ.

ಈ ಸಲ ಯಾರಾದರೂ ಹೊಲಕ್ಕ ಊಟಕ್ಕ ಕರೆದರೆ ತಪ್ಪದೇ ಹೋಗ್ರಿ. ಭಜ್ಜಿಯೊಳಗ ಎಷ್ಟು ನಮೂನಿ ಆ ಹೊಲದ್ದು, ಎಷ್ಟು ಸಂತಿದು ಅಂತ ಅಲ್ಲಿನ ಅಜ್ಜಿಯನ್ನ ಕೇಳಿ ಬರಕೊಂಡು ಬರ್ರಿ. ಮಣ್ಣಿನ ವರದಿಗೆ ಅದೇ ಮೊದಲ ಪುಟ.