ಇನ್ನೊಂದು ಮುಖವೂ ಸಾಕ್ಷಿ ಹೇಳಬೇಕು

ಹೋಟೆಲಿನ ಗಲ್ಲಾದಲ್ಲಿ ಕೂತವನಿಗೆ ನಾಣ್ಯ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ತಿಪಟೂರಿನಲ್ಲಿ ನನ್ನ ಗಲ್ಲಾಕ್ಕೆ ಚಿಲ್ಲರೆ ಬರುವುದು ಬಸ್ ಕಂಡಕ್ಟರುಗಳಿಂದ, ದೇವಸ್ಥಾನದ ಹುಂಡಿಯಿಂದ, ಸಂತೆಯವರಿಂದ. ಎಣಿಸುವಾಗ ಬೆರಳಿಗೆ ಬೇರೆಯಾಗಿ ತಗುಲಿದ್ದನ್ನು ಪಕ್ಕಕ್ಕಿಡುವ ಚಟ ಹತ್ತಿತು. ಅದು ಊರಿಗೆಲ್ಲ ಗೊತ್ತಾಗಿ, ಈಗ ವಿಚಿತ್ರ ನಾಣ್ಯ ಸಿಕ್ಕವರು ನೇರ ನನ್ನ ಹತ್ತಿರ ಬರುತ್ತಾರೆ. "ಅಣ್ಣ, ಇದು ಮಿಸ್‌ಪ್ರಿಂಟು ಅಂತೆ, ಲಕ್ಷ ಬರ್ತದಂತೆ, ಸ್ವಲ್ಪ ನೋಡಿ."

ಅವುಗಳಲ್ಲಿ ಹೆಚ್ಚಿನವು ಟಂಕಸಾಲೆಯ ತಪ್ಪಲ್ಲ. ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು, ಮುಡಿಪಿನ ಗಂಟಿನಲ್ಲಿ ಅರಿಶಿನ ಹಿಡಿದು ಬಣ್ಣಗೆಟ್ಟಿದ್ದು, ಹೊಳೆಯಲ್ಲಿ ವರ್ಷಗಟ್ಟಲೆ ಬಿದ್ದು ಸವೆದದ್ದು. "ಇದರಲ್ಲಿ ವಿಚಿತ್ರ ಏನಿದೆ" ಅಂತ ಹುಡುಕುತ್ತ ಹೋದರೆ ಕೊನೆಯೇ ಇಲ್ಲ. ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ತಯಾರಿಯ ಯಾವ ಹಂತದಲ್ಲಿ ಹೀಗಾಗಿರಬಹುದು? ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುತ್ತಾರೆ, ಕಾಯಿಸಿ ಮೆದು ಮಾಡುತ್ತಾರೆ, ಅಂಚು ಎತ್ತರಿಸುತ್ತಾರೆ, ಆಮೇಲೆ ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಎರಡು ಅಚ್ಚುಗಳ ನಡುವೆ ಒತ್ತುತ್ತಾರೆ. ಕೈಯಲ್ಲಿರುವ ವಿಕಾರಕ್ಕೆ ಇವುಗಳಲ್ಲಿ ಎಲ್ಲೂ ಜಾಗ ಸಿಗದಿದ್ದರೆ ಅದು ಹೊರಗೆ ಬಿದ್ದ ಪೆಟ್ಟು.

ಉದಾಹರಣೆಗೆ ಗೆರೆ. ಅಚ್ಚು ಬಿರುಕು ಬಿಟ್ಟಿದ್ದರೆ ಆ ಬಿರುಕಿನೊಳಗೆ ಲೋಹ ನುಗ್ಗುತ್ತದೆ, ಹಾಗಾಗಿ ನಾಣ್ಯದ ಮೇಲೆ ಗೆರೆ ಉಬ್ಬಿ ನಿಲ್ಲುತ್ತದೆ. ಗೆರೆ ತಗ್ಗಾಗಿದ್ದರೆ ಬಹುಮಟ್ಟಿಗೆ ಯಾರೋ ಗೀಚಿದ್ದು. ಉಗುರು ಆಡಿಸಿದರೆ ಸಾಕು, ಭೂತಗನ್ನಡಿಯೂ ಬೇಡ.

ಒಮ್ಮೆ ಒಬ್ಬ ಲಾರಿ ಡ್ರೈವರ್ ಹನ್ನೊಂದು ಮೂಲೆಯ ಹಳೇ ಎರಡು ರೂಪಾಯಿ ತಂದಿದ್ದ. ಅಂಕಿಯ ಕಡೆ ಸಿಂಹದ ಮುಖ ಕನ್ನಡಿಯಲ್ಲಿ ಕಂಡಂತೆ ತಿರುಗಿ, ಒಳಕ್ಕೆ ಇಳಿದಿತ್ತು. ನಾಣ್ಯದವರು ಇಂಥದ್ದನ್ನು 'ಲಖಿ' ಅನ್ನುತ್ತಾರೆ. ನಿಜವಾದ ಲಖಿ ಆಗುವುದು ಹೀಗೆ: ಒತ್ತಿದ ನಾಣ್ಯ ಹೊರಬೀಳದೆ ಒಂದು ಅಚ್ಚಿಗೇ ಅಂಟಿಕೊಳ್ಳುತ್ತದೆ. ಮುಂದಿನ ಬಿಲ್ಲೆ ಬಂದಾಗ ಅದರ ಒಂದು ಮುಖಕ್ಕೆ ಅಚ್ಚು ತಾಗುತ್ತದೆ, ಇನ್ನೊಂದಕ್ಕೆ ಆ ಅಂಟಿದ ನಾಣ್ಯವೇ ತಾಗುತ್ತದೆ. ಹಾಗಾಗಿ ಒಂದು ಕಡೆ ಸಿಂಹ ಉಬ್ಬಿರುತ್ತದೆ, ಇನ್ನೊಂದು ಕಡೆ ಅದೇ ಸಿಂಹ ತಿರುಗಿ ತಗ್ಗಿರುತ್ತದೆ. ಅಂಕಿಯ ಅಚ್ಚು ಆ ಲೋಹವನ್ನು ಮುಟ್ಟಿಯೇ ಇರುವುದಿಲ್ಲ.

ಪಕ್ಕದ ಚಿನಿವಾರರ ಅಂಗಡಿಯ ಭೂತಗನ್ನಡಿ ತಂದು ನೋಡಿದೆವು. ತಗ್ಗಿದ ಸಿಂಹದ ಅಡಿಯಲ್ಲಿ ಎರಡರ ಅಂಕಿ ಜಜ್ಜಿಹೋದರೂ ಇನ್ನೂ ಇತ್ತು. ನಾಣ್ಯ ತಿರುಗಿಸಿದರೆ ಆ ಕಡೆಯ ಅಕ್ಷರಗಳ ತುದಿಗಳು ಚಪ್ಪಟೆಯಾಗಿ ಹೊಳೆಯುತ್ತಿದ್ದವು. ಎರಡು ನಾಣ್ಯ ಜೋಡಿಸಿ ವೈಸ್‌ನಲ್ಲಿ ಬಿಗಿದರೆ ಆಗುವುದು ಇದೇ. ಡ್ರೈವರ್ ಒಪ್ಪಲಿಲ್ಲ, ಯಾರೋ ಅವನಿಗೆ ಐವತ್ತು ಸಾವಿರದ ಆಸೆ ಹುಟ್ಟಿಸಿದ್ದರು.

ಹತ್ತು ರೂಪಾಯಿಯ ನಾಣ್ಯದಲ್ಲಿ ಕೈಚಳಕ ಇನ್ನೂ ಜಾಸ್ತಿ. ನಡುವಿನ ಬಿಳಿ ಬಿಲ್ಲೆಯನ್ನು ಬಡಿದು ಹೊರತೆಗೆದು, ತಿರುಗಿಸಿ ಕೂರಿಸಿ, "ಉಲ್ಟಾ ಸೆಂಟರ್" ಎಂದು ಮಾರುತ್ತಾರೆ. ಆದರೆ ಉಂಗುರ, ನಡುಬಿಲ್ಲೆ ಎರಡನ್ನೂ ಖಾಲಿ ಇರುವಾಗಲೇ ಜೋಡಿಸಿ ಒಟ್ಟಿಗೇ ಒತ್ತುತ್ತಾರೆ. ಸಿಂಹವೂ ಸುತ್ತಲಿನ ಅಕ್ಷರಗಳೂ ಒಂದೇ ಅಚ್ಚಿನವು. ನಡುಬಿಲ್ಲೆ ಮಾತ್ರ ಮಗುಚುವುದು ಟಂಕಸಾಲೆಯಲ್ಲಿ ಸಾಧ್ಯವೇ ಇಲ್ಲ. ನಡುಬಿಲ್ಲೆ ವಾಲಿ ಕೂತ ಅಸಲಿ ತಪ್ಪುಗಳಿವೆ, ನಿಜ. ಅವುಗಳಲ್ಲಿ ಚಿತ್ರ ಎರಡು ಲೋಹಗಳ ಮೇಲೂ ಕಡಿಯದೆ ಹರಿದಿರುತ್ತದೆ.

ಎರಡೂ ಕಡೆ ಒಂದೇ ಮುಖದ ನಾಣ್ಯ ಬಂದರೆ ನನಗೆ ರಾಮನಗರದ ಬಂಡೆಗಳೇ ನೆನಪಾಗುತ್ತವೆ. ಅಲ್ಲಿ ಚಿತ್ರೀಕರಿಸಿದ 'ಶೋಲೆ' ಸಿನಿಮಾದ ಜೈ ಚಿಮ್ಮುತ್ತಿದ್ದದ್ದು ಅಂಥದ್ದನ್ನೇ ಅಲ್ಲವೇ! ಮ್ಯಾಜಿಕ್‌ನವರು ಒಂದು ನಾಣ್ಯವನ್ನು ಬಟ್ಟಲಿನಂತೆ ಕೊರೆದು, ಇನ್ನೊಂದನ್ನು ತೆಳ್ಳಗೆ ಅರೆದು ಅದರೊಳಗೆ ಕೂರಿಸುತ್ತಾರೆ. ಅಂಚಿನ ಒಳಸುತ್ತಿನಲ್ಲಿ ಬೆಸುಗೆಯ ಸಣ್ಣ ಗೆರೆ ಸಿಗುತ್ತದೆ, ಕಲ್ಲಿನ ಮೇಲೆ ಹಾಕಿದರೆ 'ಟಣ್' ಅನ್ನುವುದಿಲ್ಲ.

ತಪ್ಪೇ ಅಲ್ಲದ್ದನ್ನು ತಪ್ಪೆಂದು ತರುವವರೂ ಇದ್ದಾರೆ. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದ್, ವಜ್ರವಿದ್ದರೆ ಮುಂಬೈ, ಚುಕ್ಕಿಯಿದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಗುರುತು ಅಳಿಸಿಹೋಗಿದೆ ಎಂದಲ್ಲ, ಅದು ಕೋಲ್ಕತ್ತದ್ದು. ಟಿಪ್ಪುವಿನ ಕಾಲದ ಆನೆಯ ತಾಮ್ರದ ಕಾಸಿನಲ್ಲಿ ಅರ್ಧ ಆನೆಯೇ ಇದ್ದರೂ ಅಚ್ಚರಿಪಡಬೇಕಿಲ್ಲ. ಕೈಯಲ್ಲಿ ಸುತ್ತಿಗೆ ಹಿಡಿದು ಒತ್ತಿದ ಕಾಸು ಹಾಗೆಯೇ ಇರುತ್ತಿತ್ತು. 2012ರ ವೈಷ್ಣೋದೇವಿ ನಾಣ್ಯವಂತೂ ಸರ್ಕಾರವೇ ಹೊರತಂದ ಸ್ಮಾರಕ ನಾಣ್ಯ, ಅದಕ್ಕೆ ಲಕ್ಷ ಕೊಡುತ್ತೇವೆಂದು ಫೋನ್ ಮಾಡುವವರು ಮೊದಲು ಕೇಳುವುದು 'ಶುಲ್ಕ'. ಹಳೇ ನಾಣ್ಯ, ನೋಟುಗಳ ಹೆಸರಲ್ಲಿ ಹೀಗೆ ಕಮಿಷನ್, ತೆರಿಗೆ ಎಂದು ಸುಲಿಯುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿತ್ತು.

ಇಷ್ಟೆಲ್ಲ ಜೊಳ್ಳಿನ ನಡುವೆ ಗಟ್ಟಿ ಕಾಳೂ ಸಿಗುತ್ತದೆ. ನನ್ನ ಗಲ್ಲಾಕ್ಕೇ ಬಂದ ಒಂದು ಐದು ರೂಪಾಯಿಯಲ್ಲಿ, ಯಾರೋ ಬಾಯಿ ಹಾಕಿದಂತೆ, ಅಂಚಿನ ಒಂದು ತುಣುಕು ಕಮಾನಾಗಿ ಹೋಗಿತ್ತು. ಕತ್ತರಿಸುವ ಯಂತ್ರಕ್ಕೆ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಮೊದಲು ಕತ್ತರಿಸಿದ ತೂತಿನ ಮೇಲೆ ಇನ್ನೊಂದು ಏಟು ಬಿದ್ದು ಹೀಗಾಗುತ್ತದೆ. ಕತ್ತರಿ, ಅರದಿಂದಲೂ ಹೀಗೆ ಮಾಡಬಹುದಲ್ಲ? ಅದಕ್ಕೇ ನಾನು ತುಂಡಾದ ಜಾಗ ಬಿಟ್ಟು ಅದರ ನೇರ ಎದುರಿನ ಅಂಚನ್ನು ನೋಡಿದೆ. ಅಲ್ಲಿ ಅಂಚು ಮಸುಕಾಗಿ, ಎದ್ದೇ ಇರಲಿಲ್ಲ. ಅಂಚು ಎತ್ತರಿಸುವಾಗ ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರಿನ ಕಡೆಗೂ ಒತ್ತಡ ಸಿಗುವುದಿಲ್ಲ. ಅರ ಹಿಡಿದವನಿಗೆ ಈ ಎದುರಿನ ಗುರುತು ಹುಟ್ಟಿಸುವುದು ಬಲು ಕಷ್ಟ.

ಅದನ್ನು ತೊಳೆಯಲಿಲ್ಲ. ಹುಣಸೆಹಣ್ಣು, ಟೂತ್‌ಪೇಸ್ಟ್ ಹಚ್ಚಿ ಫಳಫಳ ಮಾಡಿ ತರುವವರ ನಾಣ್ಯದಲ್ಲಿ ಮೇಲ್ಮೈಯ ಕುರುಹುಗಳೇ ಸವೆದು, ಅಸಲಿಯನ್ನೂ ನಂಬಿಸುವುದು ಕಷ್ಟವಾಗುತ್ತದೆ. ಚಿನಿವಾರರ ತಕ್ಕಡಿಯಲ್ಲಿ ತೂಗಿಸಿ, ಅದೇ ಇಸವಿಯ ಸರಿಯಾದ ಇನ್ನೊಂದು ನಾಣ್ಯದ ಜೊತೆಗೆ ಕಾಗದದ ಲಕೋಟೆಗೆ ಹಾಕಿ, ಎರಡರ ತೂಕವನ್ನೂ ಮೇಲೆ ಬರೆದಿಟ್ಟಿದ್ದೇನೆ.