ಕಂಪನಿ ಬದಲಾದರೆ ಮಾತ್ರೆಯೂ ಬದಲಾಗುತ್ತದೆಯೇ?

ಹುಬ್ಬಳ್ಳಿಯ ಹಿರಿಯರೊಬ್ಬರು ಸ್ಟೆಂಟ್ ಹಾಕಿಸಿಕೊಂಡು ಇಲ್ಲಿ ಡೊಂಬಿವಲಿಯ ಮಗನ ಮನೆಯಲ್ಲಿದ್ದಾರೆ. ಊರಿಂದ ತಂದ ಕ್ಲೊಪಿಡೊಗ್ರೆಲ್ ಮುಗಿದಾಗ ಇಲ್ಲಿಯ ಅಂಗಡಿಯಲ್ಲಿ ಬೇರೆ ಕಂಪನಿಯದು ಸಿಕ್ಕಿತು. ಬಣ್ಣ ಬೇರೆ ಕಂಡಿತೆಂದು ನಾಲ್ಕು ದಿನ ಮಾತ್ರೆಯನ್ನೇ ಬಿಟ್ಟಿದ್ದರು! ಬೈಯಲು ಹೊರಟಿದ್ದೆ. ಅಷ್ಟರಲ್ಲಿ ಅವರೇ ಕೇಳಿದರು: “ಡಾಕ್ಟ್ರ, ಈ ಗುಳಿಗ್ಯಾಗ ಅದೇ ಔಷಧ ಐತಿ ಅಂತ ಹೆಂಗ ಗೊತ್ತಾಗ್ತೈತಿ?”

ಒಳ್ಳೆಯ ಪ್ರಶ್ನೆ. ಅಣು ಒಂದೇ ಆದರೂ ಅದು ಹರಳಾಗುವಾಗ ಜೋಡಣೆ ಬೇರೆಯಾಗಬಹುದು. ಗ್ರಾಫೈಟೂ ಇಂಗಾಲ, ವಜ್ರವೂ ಇಂಗಾಲ ಅಲ್ಲವೇ? ಹಾಗೆಯೇ ಕ್ಲೊಪಿಡೊಗ್ರೆಲ್ ಮಾತ್ರೆಗಳಲ್ಲಿ ಬಳಸುವ ಹರಳುಗಳಲ್ಲಿ ಎರಡು ರೂಪಗಳಿವೆ. ಜೋಡಣೆ ಬದಲಾದರೆ ಕರಗುವ ವೇಗವೂ ಬದಲಾಗಬಹುದು. ಕರಗದ ಔಷಧ ರಕ್ತಕ್ಕೆ ಸೇರುವುದಿಲ್ಲ.

ಎಚ್‌ಐವಿ ಔಷಧ ರಿಟೊನಾವಿರ್ ಬಳಕೆಗೆ ಬಂದದ್ದು 1996ರಲ್ಲಿ. 1998ರಲ್ಲಿ ಅದರ ಕ್ಯಾಪ್ಸೂಲ್‌ಗಳು ಕರಗುವ ಪರೀಕ್ಷೆಯಲ್ಲಿ ಸೋಲತೊಡಗಿದವು. ಕಲಬೆರಕೆ ಇರಲಿಲ್ಲ, ಅಣುವೂ ಕೆಟ್ಟಿರಲಿಲ್ಲ. ಅಲ್ಲಿಯವರೆಗೆ ಯಾರೂ ಕಾಣದ, ಬೇಗ ಕರಗದ ಹೊಸ ಹರಳು ಒಳಗೆ ಹುಟ್ಟಿಕೊಂಡಿತ್ತು. ಕ್ಯಾಪ್ಸೂಲ್ ನಿಂತುಹೋಗಿ, ಹೊಸ ಬಗೆಯದು ಬರುವವರೆಗೆ ರೋಗಿಗಳು ಕೆಟ್ಟ ರುಚಿಯ ದ್ರವವನ್ನು ಕುಡಿಯಬೇಕಾಯಿತು.

ಇಂಥ ಹರಳನ್ನು ಗುರುತಿಸುವುದು ಹೇಗೆ? ರಾತ್ರಿ ಬಾಲ್ಕನಿಯಲ್ಲಿ ನಿಂತು, ತೆಳುವಾದ ಕರವಸ್ತ್ರದ ಮೂಲಕ ದೂರದ ಬೀದಿದೀಪವನ್ನು ನೋಡಿ. ದೀಪ ಒಂದೇ, ಸುತ್ತ ಅಡ್ಡಕ್ಕೂ ಉದ್ದಕ್ಕೂ ಬೆಳಕಿನ ಚುಕ್ಕಿಗಳು! ನೇಯ್ಗೆ ಬಿಗಿಯಾದಷ್ಟೂ ಚುಕ್ಕಿಗಳು ದೂರ ದೂರ. ಬಟ್ಟೆಯನ್ನು ನೋಡದೆ, ಚುಕ್ಕಿಗಳಿಂದಲೇ ನೇಯ್ಗೆಯನ್ನು ಲೆಕ್ಕ ಹಾಕಬಹುದು. ಹರಳೆಂದರೆ ಅಣುಗಳ ನೇಯ್ಗೆ. ಅದು ಮಾಮೂಲಿ ಬೆಳಕಿಗೆ ನಿಲುಕದಷ್ಟು ಸೂಕ್ಷ್ಮ. ಅದಕ್ಕೇ ತಾಮ್ರದಿಂದ ಹೊಮ್ಮುವ, 1.54 ಆಂಗ್‌ಸ್ಟ್ರಾಂ ತರಂಗದ ಕ್ಷ-ಕಿರಣ ಬೇಕು. ಎರಡು ಇಂಗಾಲ ಪರಮಾಣುಗಳ ಮಧ್ಯದ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಇದು ನನಗೆ ಈಗಲೂ ಬೆರಗು.

ಚುಕ್ಕಿ ಬಿದ್ದ ಜಾಗ ನೇಯ್ಗೆಯ ಅಳತೆ ಹೇಳುತ್ತದೆ. ಅದರ ಹೊಳಪು ಯಾವ ಪರಮಾಣು ಎಲ್ಲಿದೆ ಎಂಬುದರ ಸುಳಿವು ಕೊಡುತ್ತದೆ. ಸುಳಿವು ಮಾತ್ರ, ಏಕೆಂದರೆ ಅಲೆಗಳು ಏರಿನಲ್ಲಿದ್ದವೋ ಇಳಿತದಲ್ಲಿದ್ದವೋ ಎಂಬುದು ಚಿತ್ರದಲ್ಲಿ ಮೂಡುವುದಿಲ್ಲ. ಹಾಗಾಗಿ 1945ರಲ್ಲಿ ಪೆನಿಸಿಲಿನ್ ರಚನೆಯನ್ನು ಬಿಡಿಸಲು ಡೊರೊತಿ ಹಾಡ್ಜ್‌ಕಿನ್ ತಂಡ ವರ್ಷಗಟ್ಟಲೆ ಹೆಣಗಿತ್ತು. ಈ ತೊಡಕಿಗೆ ಗಣಿತದ ದಾರಿ ತೋರಿದ ಹಾಪ್ಟ್‌ಮನ್ ಮತ್ತು ಕಾರ್ಲ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಈಗ ಒಳ್ಳೆಯ ಹರಳು ಸಿಕ್ಕರೆ, ಸಣ್ಣ ಅಣುವಿನ ರಚನೆಗೆ ಕೆಲವು ಗಂಟೆ ಸಾಕು.

ಔಷಧದ ಪುಡಿಗೂ ಕ್ಷ-ಕಿರಣ ಹಾಯಿಸುತ್ತಾರೆ. ಆಗ ಚುಕ್ಕಿಗಳ ಬದಲು ನಮ್ಮ ಇಸಿಜಿಯಂತೆ ಏರುತಗ್ಗಿನ ಗೆರೆ ಬರುತ್ತದೆ. ಪ್ರತಿ ಹರಳು ರೂಪಕ್ಕೂ ಅದರದೇ ಗೆರೆ.

ಹಿರಿಯರಿಗೆ ಹೇಳಿದ್ದು ಇಷ್ಟು: ಬಣ್ಣ ಇರುವುದು ಹೊರಗಿನ ಲೇಪದಲ್ಲಿ. ಒಳಗಿನ ಔಷಧ ಯಾವುದು, ಮಾತ್ರೆ ಎಷ್ಟು ಬೇಗ ಕರಗುತ್ತದೆ ಎಂಬ ಪರೀಕ್ಷೆಗಳನ್ನು ಪ್ರತಿ ತಯಾರಕರೂ ಮಾಡಲೇಬೇಕು. ಪಟ್ಟಿಯ ಮೇಲಿನ ಔಷಧದ ಹೆಸರು, ಮಿಲಿಗ್ರಾಂ ನೋಡಿ. ಅನುಮಾನ ಬಂದರೆ ಫೋಟೋ ತೆಗೆದು ನಿಮ್ಮ ಡಾಕ್ಟರಿಗೆ ಕಳಿಸಿ. ಸ್ಟೆಂಟ್ ಇದ್ದವರು ಅವರನ್ನು ಕೇಳದೆ ಒಂದು ದಿನವೂ ಈ ಮಾತ್ರೆ ಬಿಡಬಾರದು. ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು.